ಎಡಗಡೆಯ ಜಾಗ

ಬ್ಯಾಡಗಿ ಕೋಲ್ಡ್ ಸ್ಟೋರೇಜಿನ ಆಫೀಸಿನೊಳಗ
ಸೀನಿದರ ಯಾರೂ "ಶತಾಯುಷಿ" ಅನ್ನೂದಿಲ್ಲ.
ದಿನಕ್ಕ ಎಷ್ಟು ಸಲ ಅಂತಾರ?
ಕೀಬೋರ್ಡಿನ ಸಂದಿಯೊಳಗೂ ಮೆಣಸಿನಕಾಯಿ ಬೀಜ.
ಎಂಟರ್ ಒತ್ತಿದ ಬೆರಳು ಕಣ್ಣಿಗೆ ಹೋಗಬಾರದು,
ಇದು ಇಲ್ಲಿಯ ಮೊದಲನೇ ಪಾಠ.

ಗುಮಾಸ್ತ ಗುಡ್ಡಪ್ಪ ಕೇಳಿದ್ದು ಸಣ್ಣದು:
"ಬಾಯರ, ಲಾಟ್ ಖಾಲಿ ಆತಂದ್ರ
ಅದ ಹೊಸಾದು ಆಗಬೇಕ್ರೀ. ತಾನ ಆಗಬೇಕು.
ನಾ ಮತ್ತ ಅಳಸೂದು, ಬರಿಯೂದು ಇರಬಾರದು."

ಆತು ಅಂದೆ.
ಲಾಟ್ ಅನ್ನೋ ಕ್ಲಾಸಿನೊಳಗ ಹೊಕ್ಕು ಒಂದ ಸಾಲು ಬರದೆ:
ದಿಸ್, ಸಮಚಿಹ್ನೆ, ನ್ಯೂ ಲಾಟ್.
ನಾನು ಅಂದರ ಇನ್ನು ಮ್ಯಾಲೆ ಹೊಸಾ ನಾನು.
ಇಷ್ಟು ಸರಳ ಮಂತ್ರ ಯಾವ ಋಷಿಗೂ ಹೊಳದಿರಲಿಕ್ಕಿಲ್ಲ.

ಪರದೆ ಕೆಂಪಾತು.
ಎಡಗಡೆ ಕೂಡೂ ಅಧಿಕಾರ ದಿಸ್‌ಗೆ ಇಲ್ಲಂತ.
ನಿನ್ನೆ ಹುಟ್ಟಿದ ಚಿಲ್ಲರ ಎಕ್ಸ್ ಕೂಡಬಹುದು,
ಅದರೊಳಗ ಬೇಕಾದ್ದು ಸುರೀಬಹುದು, ಚೆಲ್ಲಬಹುದು.
"ನಾನು" ಮಾತ್ರ ಬಲಗಡೆ.
ಕೊಡಬಹುದು, ತನ್ನ ಜಾಗಕ್ಕ ಇನ್ನೊಬ್ಬರನ್ನ ಕರಿಯೂ ಹಾಂಗಿಲ್ಲ.

ನಕ್ಕೆ, ಒಬ್ಬಾಕಿನ.
ಹತ್ತೊಂಬತ್ತು ವರ್ಷದ ಹಿಂದ ಗುತ್ತಲದ ಮಂಟಪದೊಳಗ
ಬಲಕ್ಕಿದ್ದಾಕಿನ್ನ ಎಡಕ್ಕ ಕೂಡಿಸಿ,
ಅಕ್ಕಿ ತಾಟು ಮುಂದಿಟ್ಟು,
ಉಂಗುರದಿಂದ ಹೆಸರು ಬರದರು.
ಅಂಬುಜಾ ಹೋಗಿ ಶ್ರೀಲೇಖಾ.
"ಲೇ" ಎಳಿಯೂಮುಂದ ಅಕ್ಕಿ ಸರದು
ತಾಟಿನ ತಳ ಕಂಡಿತ್ತು, ಹಿತ್ತಾಳಿ.
ಆ ಅಕ್ಕಿ ಆಮ್ಯಾಲೆ ಏನಾತೋ,
ಯಾರ ಅನ್ನದೊಳಗ ಬೆಂದೆನೋ.
ಎಡಗಡೆ ಕೂತಿದ್ದೆ, ಖರೆ.
ಬರದ ಕೈ ನಂದಲ್ಲ.

ಇರಲಿ. ನಕಲು ಮಾಡೋಣ ಅಂತ
ಹೊಸಾ ಲಾಟೊಂದು ಕಟ್ಟಿ
ಹಳೇದರ ಗುಣ ಎಲ್ಲಾ ಅದರ ಮೈಗೆ ಇಳಿಸಿದೆ:
ನಂಬರು, ತಾರೀಖು, ಚೇಂಬರು, ಚೀಲದ ಪಟ್ಟಿ.
ಮಧ್ಯಾಹ್ನ ಹೊಸಾದರಾಗ ಒಂದು ಚೀಲ ಕಳದೆ.
ಹಳೇದರಾಗೂ ಒಂದು ಕಡಿಮಿ!
ಗುಡ್ಡಪ್ಪ ಗಾಬರಿ ಆಗಲಿಲ್ಲ.
ಪಾವತಿ ಪುಸ್ತಕ ತಗದು ಕಾರ್ಬನ್ ಹಾಳಿ ಎತ್ತಿದ:
"ಚೀಟಿ ಎರಡ ಅದಾವ್ರೀ. ಕಾಯಿ ಎರಡ ಅದಾವೇನು?
ಒಳಗಿರೂದು ಒಂದ ಗುಂಪಿ.
ಗುಲಾಬಿ ಚೀಟಿಯಾಂವ ಒಂದ ಮುಟಗಿ ತಗದ್ರ
ಬಿಳೇ ಚೀಟಿಯಾಂವಂದೂ ಹಗರಾಕ್ಕೈತಿ."
ಎರಡು ರಾತ್ರಿ ಓದಿ ತಿಳಕೊಂಡದ್ದನ್ನ
ಇಂವ ಒಂದು ಹಾಳಿ ಎತ್ತಿ ಮುಗಿಸಿದ.

ಹೊರಗ ಕಟ್ಟಿ ಮ್ಯಾಲೆ ದಲಾಲಿ ವೀರಬಸಪ್ಪ ಚಹಾ ಕುಡಿಯಾಕತ್ತಿದ್ದ.
ಒಳಗ ನಾ ಏನ ಹುಟ್ಟಿಸಲಿ,
ಅವನ ಕಿಸೇದಾಗಿನ ಚೀಟಿ ಯಾವ ಲಾಟಿಗೆ ಬೆರಳು ತೋರಸತದೋ
ಅವನ ಪಾಲಿಗೆ ಅದ ಲಾಟು.
ಬದಲಿಸೂದಿದ್ದರ ಅವನ ಕಿಸೆಗೆ ಅವನ ಕೈ ಹೋಗಬೇಕು.

ಮುಳಗುಂದದ ಮೌಶಿ ಫೋನು ಅದ ಹೊತ್ತಿಗೆ:
"ಏ ಅಂಬೂ, ಹುಣಸಿಹಣ್ಣು ಬಿಡಿಸಿಟ್ಟೀನಿ, ಯಾವಾಗ ಬರತೀ?"
ಹತ್ತೊಂಬತ್ತು ವರ್ಷ ಆಕಿ ಚೀಟಿ ಬದಲಿಸಿಲ್ಲ.
"ಹೂಂ" ಅಂದದ್ದು ಯಾರು,
ಕೇಳಿಸಿಕೊಂಡೆ, ನೋಡಲಿಲ್ಲ.

ಸಂಜೀಮುಂದ ಸುಮ್ಮನ ಕೂತು
ಒಂದೊಂದ ಗುಣ ಕೈಯಾರೆ ಬರದೆ.
ತೂಕ ಸೊನ್ನೆ.
ಪಟ್ಟಿ, ಬ್ಯಾರೇದು, ಖಾಲಿದು, ಯಾರ ಕೂಡನೂ ಹಂಚಿಕೊಳ್ಳಲಾರದ್ದು.
ತಾರೀಖು ಇವತ್ತಿಂದು.
ನಂಬರು ಮುಟ್ಟಲಿಲ್ಲ.
ದಿಸ್ ಎಲ್ಲಿತ್ತೋ ಅಲ್ಲೇ ಇತ್ತು.
ಒಳಗಿನ ಸಾಮಾನು ಅಷ್ಟ ಒಂದೊಂದ ಎತ್ತಿ ಹೊರಗಿಟ್ಟ ಹಾಂಗ.

ಗುಡ್ಡಪ್ಪ ಗುಂಡಿ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.
"ಆತ್ರೀ ಬಾಯರ, ಹೊಸಾದ ಆತು" ಅಂದ,
ಚೆಕ್ ಪುಸ್ತಕ ತಗದು ಪೆನ್ನು ಝಾಡಿಸಿದ.
"ಹೆಸರೇನ ಬರೀಲಿ?"

ಪಾಸ್‌ಬುಕ್ ನೋಡಿ ಹೇಳತೇನಿ ಅಂದೆ.
ಕಣ್ಣು ಉರಿಯಾಕತ್ತಿತ್ತು.
ಮರತು ಮುಟ್ಟಿಕೊಂಡಿದ್ದೆ.